ಅವನಿಗೆ ಕ್ಲಚ್ ಕಲಿಸಿದ ದಿನ

ಮಾರ್ಚ್ ೧೪, ಶುಕ್ರವಾರ

ಇವತ್ತು ನನ್ನ ಹತ್ತಿರ ಡ್ರೈವಿಂಗ್ ಕಲಿಯಲು ಬಂದವನು ಅವನೇ! ಒಂಬತ್ತು ವರ್ಷದ ಹಿಂದೆ ನಾನು ತನಗೆ ಬರೆದ ಪ್ರೇಮಪತ್ರವನ್ನು ಇಡೀ ಆಫೀಸಿನ ಮುಂದೆ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದವನು.

ಮೊದಲ ತಿರುವಿನಲ್ಲೇ ಕ್ಲಚ್ ಒತ್ತದೆ ಕಾರು ಆಫ್ ಮಾಡಿಕೊಂಡ. ಹಿಂದಿನ ಬಸ್ಸು ಒಂದೇ ಸಮ ಹಾರ್ನ್ ಹೊಡೆಯುತ್ತಿತ್ತು. ಸ್ಟೀರಿಂಗ್ ಬಿಗಿಯಾಗಿ ಹಿಡಿದುಕೊಂಡೇ, "ಅವತ್ತು ನಾನು ಮಾಡಿದ್ದು ದೊಡ್ಡ ತಪ್ಪು. ಕ್ಷಮಿಸಿಬಿಡಿ," ಎಂದ.

"ಕ್ಷಮಿಸಿದೀನಿ. ಮೊದಲು ಕ್ಲಚ್ ಒತ್ತಿ!"

ಬಾಯಿತಪ್ಪಿ ಬಂದ ಮಾತಲ್ಲ ಅದು. ಇಷ್ಟು ವರ್ಷ ದೇವರಿಗೆ ಕೈಮುಗಿದಾಗಲೆಲ್ಲ ಅವನಿಗೆ ಕೇಡು ಬೇಡುತ್ತಿದ್ದೆ. ಇವತ್ತು ಸಂಜೆ, ಅವನಿಗೆ ಲೈಸೆನ್ಸ್ ಸಿಗಲಿ ಎಂದು ಬೇಡಿಕೊಂಡೆ. ದೇವರೇ ಬೆಚ್ಚಿಬಿದ್ದಿರಬೇಕು.

ಪ್ರೀತಿ ಪೂರ್ತಿ ಹೋಗಿಲ್ಲ. ಇರಲಿ, ಅದು ನನ್ನದು. ನಾಚಿಕೆ ಮಾತ್ರ ಹೋಯಿತು. ಗೆದ್ದೆ ಕಣೇ, ಗೆದ್ದುಬಿಟ್ಟೆ! ಕಣ್ಣು ಎಳೆಯುತ್ತಿದೆ, ಆದರೂ ಇನ್ನೊಂದು ಸಲ ಬರೆಯುತ್ತೇನೆ, ಗೆದ್ದೆ...