ಮಾವನವರ ಪ್ರಜಾಪ್ರಭುತ್ವ

೩, ಮಂಗಳವಾರ

ಮಾವನವರ ಪೌರನೀತಿ ಗೈಡಿನ ಆರನೇ ಪಾಠ ಟೈಪ್ ಮಾಡಿದ್ದಾಯಿತು. ರಿಟೈರಾದರೂ ಮೇಷ್ಟ್ರಿಕೆ ಬಿಟ್ಟಿಲ್ಲ. ಪಾಠದ ಮೊದಲ ಸಾಲೇ 'ಪ್ರಜಾಪ್ರಭುತ್ವ ಮನೆಯಿಂದಲೇ ಆರಂಭ.'

ನೀರು ಪರೀಕ್ಷೆಯ ಲ್ಯಾಬಿನಿಂದ ಕೆಲಸದ ಆರ್ಡರ್ ಬಂದಿದೆ. ಸೋಮವಾರ ಸೇರದಿದ್ದರೆ ಬೇರೆಯವರ ಪಾಲು. ನಾನು ಹೋಗಬೇಕೋ ಬೇಡವೋ — ನಾಳೆ ಮತಕ್ಕೆ ಹಾಕುತ್ತಾರಂತೆ. ನನ್ನ ಕೆಲಸಕ್ಕೆ ಇವರ ಮತ!

೪, ಬುಧವಾರ

ಊಟದ ಮೇಜಿನಲ್ಲೇ ಕೈ ಎತ್ತಿಸಿದರು. ಬೇಕು — ನಾನೊಬ್ಬಳೇ. ಬೇಡ — ಮಾವ. ಅವರು ತಿರುಗಿ ನೋಡಿದ್ದೇ ತಡ, ಅತ್ತೆಯ ಕೈಯೂ ಮೇಲೆ. ಗಂಡ ಮಹಾಶಯ "ನಾನು ತಟಸ್ಥ" ಎಂದು ನೀರು ಕುಡಿದ. ಥೂ.

ಪಾತ್ರೆ ತೊಳೆಯುವಾಗ ಅತ್ತೆಯನ್ನು ಕೇಳಿಯೇ ಬಿಟ್ಟೆ.

"ಬೂತಲ್ಲಾದ್ರೆ ಮರೆ ಇರುತ್ತೆ ಕಣೇ. ಇವ್ರು ಹೇಳ್ದೋರಿಗೆ ಒಂದ್ಸಲಾನೂ ಬಟನ್ ಒತ್ತಿಲ್ಲ ನಾನು. ಇಲ್ಲಿ ಮರೆ ಎಲ್ಲಿದೆ?"

ನಗು ಬಂತು. ಆಮೇಲೆ ಅಳು.

೬, ಶುಕ್ರವಾರ

ಹಟ ಹಿಡಿದೆ. "ಗುಪ್ತ ಮತದಾನ ಅಂತ ನಿಮ್ಮ ಗೈಡಲ್ಲೇ ಇದೆಯಲ್ಲ ಮಾವ?" ತಾವೇ ಬರೆದದ್ದನ್ನು ಇಲ್ಲವೆನ್ನಲಾದೀತೇ? ತಟಸ್ಥರಿಗೆ ಜಾಗವಿಲ್ಲ ಎಂದೂ ಒಪ್ಪಿಸಿದೆ.

ಒಬ್ಬೊಬ್ಬರಿಗೂ ಒಂದು ಬಿಳಿ, ಒಂದು ಕರಿ ಅಂಗಿಗುಂಡಿ. ಬಿಳಿ ಎಂದರೆ ಬೇಕು. ಒಬ್ಬರಾದ ಮೇಲೆ ಒಬ್ಬರು ಕೋಣೆಗೆ ಹೋಗಿ ಒಂದನ್ನು ಡಬ್ಬಿಗೆ ಹಾಕಿ ಬರುವುದು.

ಸುರಿದಾಗ — ಎರಡು ಬಿಳಿ, ಎರಡು ಕರಿ.

"ಸಮ ಸಮ! ಹಾಗಾದ್ರೆ ಅಧ್ಯಕ್ಷರ ನಿರ್ಣಾಯಕ ಮತ. ಬೇಡ," ಎಂದರು ಮಾವ. ಇವರನ್ನು ಅಧ್ಯಕ್ಷರಾಗಿ ಆರಿಸಿದವರು ಯಾರೋ!

ಅಡುಗೆಮನೆಯಲ್ಲಿ ಅತ್ತೆ ನನ್ನ ಕೈ ಹಿಡಿದರು. "ನಾನು ಬಿಳೀದೇ ಹಾಕ್ದೆ. ಯಾರ ಹತ್ರಾನೂ ಬಾಯಿಬಿಡ್ಬೇಡ."

ಹಾಗಾದರೆ ಮಾವನದಲ್ಲದ ಇನ್ನೊಂದು ಕರಿ ಗುಂಡಿ... ಅಗೋ, ಏನೂ ಅರಿಯದ ಹಾಗೆ ಟಿವಿ ನೋಡುತ್ತ ಕೂತಿದೆ. ಮುಖ ನೋಡಲೂ ಅಸಹ್ಯ.

೯, ಸೋಮವಾರ, ಬಸ್ಸಿನಲ್ಲಿ

ಹೊರಟೇಬಿಟ್ಟೆ. ಮಾವ ಬಾಗಿಲಿಗೆ ಅಡ್ಡ ನಿಂತರು. "ಬಹುಮತಕ್ಕೆ ಬೆಲೆ ಇಲ್ವೇನಮ್ಮಾ?"

"ಎರಡಕ್ಕೆರಡು ಬಂದ್ರೆ ಬಹುಮತ ಅಂತ ಎಷ್ಟನೇ ಪಾಠದಲ್ಲಿದೆ ಮಾವ?" ಎಂದೆ. ಸರಿದರು.

ಗಂಡ ಗೇಟಿನವರೆಗೂ ಬಂದ. ದನಿ ತಗ್ಗಿಸಿದ. "ನಾನು ನಿನ್ನ ಕಡೆಗೇ ಹಾಕಿದ್ದು ಕಣೇ. ಅಮ್ಮನ ಮೇಲೆ ಬೇಜಾರು ಮಾಡ್ಕೋಬೇಡ."

ನಾಲಿಗೆಯ ತುದಿಗೆ ಬಂದಿತ್ತು. ಆಡಿದರೆ ಅತ್ತೆ ಸಿಕ್ಕಿಬೀಳುತ್ತಾರೆ. ನುಂಗಿಕೊಂಡೆ. ಹೆತ್ತ ತಾಯಿಯ ತಲೆಗೇ ಕಟ್ಟಿದನಲ್ಲ! ಸಂಜೆ ಮತ್ತೆ ಅದೇ ಮೇಜು. ಎದುರಿಗೆ ಅದೇ ಮುಖ. ಅನ್ನ ಬಡಿಸುವಾಗ ನಾನು — ತಟಸ್ಥ.