ಅಟ್ಟದ ಏಣಿ ನನ್ನ ಹಿತ್ತಿಲಲ್ಲಿದೆ

ಜಂಟಿ ಕಾರ್ಯತಂತ್ರ ಸಮಿತಿಯ ಮಾನ್ಯ ಅಧ್ಯಕ್ಷರೇ,

ಫಸಲು ಕೊಡುತ್ತಿರುವ ತೆಂಗಿನ ತೋಟವೊಂದನ್ನು ನಿಮ್ಮ ಸಮಿತಿ ಪಾಳು ಎಂದು ತೀರ್ಮಾನಿಸಿದೆ. ಬರುವ ಸೋಮವಾರ ಅದರ ಪಂಪ್‌ಸೆಟ್ಟಿನ ಕರೆಂಟು ತೆಗೆಯುವುದಾಗಿ ನೋಟಿಸು ಬಂದಿದೆ. ತೋಟ ನನ್ನ ತಂಗಿ ಶಿವರುದ್ರಮ್ಮನದು. ನಾನು ಸಾಮಾನ್ಯವಾಗಿ ಕಾಗದ ಬರೆಯುವುದು ಬೀಗರಿಗೆ, ಅಳಿಯಂದಿರಿಗೆ, ಸೋದರತ್ತೆಯ ಮಕ್ಕಳಿಗೆ. ಅಲ್ಲಿ ಮೊದಲು ಕ್ಷೇಮ ವಿಚಾರಿಸುವುದು ರೂಢಿ. ತಮ್ಮ ಕ್ಷೇಮದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲದ್ದರಿಂದ ನೇರವಾಗಿ ವಿಷಯಕ್ಕೆ ಬಂದಿದ್ದೇನೆ.

ಅಂತರ್ಜಲ ಉಳಿಸುವ ನಿಮ್ಮ ಉದ್ದೇಶ ದೊಡ್ಡದು. ನೀರು, ತೋಟಗಾರಿಕೆ, ವಿದ್ಯುತ್, ಮಾರುಕಟ್ಟೆ, ನಾಲ್ಕೂ ಕಡೆಯವರು ಒಂದೇ ಮೇಜಿಗೆ ಕೂತರೆಂದು ಕೇಳಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಒಬ್ಬರು ಹೂತ ಪೈಪನ್ನು ಮರುವಾರ ಇನ್ನೊಬ್ಬರು ಅಗೆದು ಒಡೆಯುವುದನ್ನು ಕಂಡವರು ನಾವು. ಅಂಕಿಅಂಶ ನೋಡಿ ದಾರಿ ಹೇಳಲು ವಿಶ್ಲೇಷಕರನ್ನೂ ನೇಮಿಸಿದಿರಿ. ಅದೂ ಒಳ್ಳೆಯದೇ. ಆಮೇಲೆ ಒಂದು ನಿಯಮ ಬಂತು: ಆರು ತಿಂಗಳು ಮಾರುಕಟ್ಟೆಗೆ ಏನೂ ಬಾರದ ತೋಟ ನಿಷ್ಫಲ; ನಿಷ್ಫಲ ತೋಟಕ್ಕೆ ನೀರೆತ್ತುವುದು ದಂಡ.

ಟೊಮೇಟೊಗೆ ಈ ನಿಯಮ ಸರಿ. ಆದರೆ ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಕಿತ್ತ ಕೂಡಲೇ ಮಾರುವುದಿಲ್ಲ, ಅಟ್ಟಕ್ಕೆ ಹಾಕುತ್ತೇವೆ. ಕೆಳಗೆ ಒಲೆಯ ಬಿಸಿ, ಮೇಲೆ ಹೆಂಚಿನ ಬಿಸಿ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಉಂಡೆ ಕೊಬ್ಬರಿಯಾಗಲು ಹತ್ತಿರಹತ್ತಿರ ವರ್ಷ ಹಿಡಿಯುತ್ತದೆ. ದೊಡ್ಡ ತೋಟದವರು ಒಂದು ರಾಶಿ ಇಳಿಸಿ ಇನ್ನೊಂದು ಏರಿಸುತ್ತಾ ವರ್ಷವಿಡೀ ಮಾರುಕಟ್ಟೆಯಲ್ಲಿರುತ್ತಾರೆ. ನನ್ನ ತಂಗಿಯದು ಒಂದೇ ಅಟ್ಟ, ವರ್ಷಕ್ಕೊಂದೇ ಸಲ ಇಳಿಸುವುದು. ಹೀಗಾಗಿ ನಿಮ್ಮ ಲೆಕ್ಕದಲ್ಲಿ ದೊಡ್ಡವರದು ತೋಟ, ಸಣ್ಣವರದು ಪಾಳು. ಇಷ್ಟು ಸೂಕ್ಷ್ಮವಾಗಿ ಬಡವರನ್ನು ಹುಡುಕಿ ಹೊಡೆಯುವ ಯಂತ್ರವನ್ನು ಬೇಕೆಂದೇ ಮಾಡಲು ಹೋದರೂ ಆಗುತ್ತಿರಲಿಲ್ಲವೇನೋ.

ತಂಗಿಯ ಜೊತೆ ನಾನೂ ಕಚೇರಿಗಳಿಗೆ ಅಲೆದೆ. ವಿದ್ಯುತ್ ಕಚೇರಿಯವರು ಕುರ್ಚಿ ಹಾಕಿ ಕೂರಿಸಿದರು. “ನಮ್ದೇನಿಲ್ಲ ಕಣಮ್ಮ. ತೆಗೀರಿ ಅಂದ್ರೆ ತೆಗೀತೀವಿ, ಹಾಕಿ ಅಂದ್ರೆ ಹಾಕ್ತೀವಿ” ಎಂದರು. ತೋಟಗಾರಿಕೆಯವರು ತೋಟವನ್ನೇ ನೋಡಿ ಬಂದು ಮರಗಳನ್ನು ಹೊಗಳಿದರು. ಹಾಗಾದರೆ ಅದನ್ನೇ ಬರೆದುಕೊಡಿ ಸ್ವಾಮಿ ಎಂದೆ. “ನಾನೊಬ್ನೇ ಬರೆದ್ರೆ ಅದು ಜಂಟಿ ಆಗಲ್ಲವಲ್ಲ ಯಜಮಾನ್ರೇ” ಎಂದು ನಕ್ಕರು. ಮಾರುಕಟ್ಟೆಯವರದು ಇನ್ನೂ ಸುಲಭ: “ಮಾಲು ತನ್ನಿ, ಈಗಲೇ ರಸೀದಿ ಹರೀತೀನಿ.”

ಮಾಲು ತರುವುದೆಂದರೆ ಅಟ್ಟ ಇಳಿಸುವುದು. ಈಗ ಇಳಿಸಿದರೆ ಅದು ಹಸಿ ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಒಡೆದ ಮಾರನೇ ದಿನಕ್ಕೆ ಬೂಸ್ಟು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ತಂಗಿ ನನ್ನನ್ನು ಕೇಳಿದಳು: “ಇಳಿಸಿದ್ರೆ ಕೊಬ್ಬರಿ ಹೋಯ್ತು, ಇಳಿಸ್ದಿದ್ರೆ ಮರ ಹೋಯ್ತು. ನೀನು ಓದ್ದೋನಲ್ವಾ ಅಣ್ಣ, ಯಾವುದನ್ನ ಬುಡ್ಲಿ ಹೇಳು.” ನಾನು ಓದಿದ್ದು ಕೊಬ್ಬರಿ ಅಂಗಡಿಯ ಹಳೇ ಪೇಪರುಗಳನ್ನು. ಅವುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಿಮ್ಮ ಕಡತಗಳಲ್ಲಿ ಇದೆಯೇ?

ತಪ್ಪು ವಿಶ್ಲೇಷಕರದೆಂದು ನಾನೂ ಬೈದುಕೊಂಡೇ ಓಡಾಡುತ್ತಿದ್ದೆ. ಹೋದ ಭಾನುವಾರ ನಿಮ್ಮ ವಿಶ್ಲೇಷಕಿ ಸುಷ್ಮಿತಾ, ಯಾರೂ ಹೇಳದೆ, ತನ್ನ ಖರ್ಚಿನಲ್ಲಿ ಬಸ್ಸು ಹತ್ತಿ ನಮ್ಮೂರಿಗೆ ಬಂತು. ತಂಗಿಯ ಮನೆಯ ಏಣಿ ಏರಿ, ರಾಶಿಯಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಕೆಳಗೆ ನಿಂತಿದ್ದ ತಂಗಿಗೆ ಹೇಳಿತು:

“ಇನ್ನೂ ನೀರಿದೆ ಅಜ್ಜಿ.”

“ಅದನ್ನೇ ಕಣವ್ವ ನಾನೂ ಹೇಳ್ತಿರೋದು. ನಿಮ್ಮೋರಿಗೆ ಕಿವಿ ಇಲ್ವಾ?”

“ನಾನು ಮೀಟಿಂಗಲ್ಲಿ ಹೇಳ್ದೆ. ಫಸಲು ಮನೇಲೇ ಇರಬಹುದು, ಹೋಗಿ ನೋಡೋಣ ಅಂತ. ಅನುಮಾನ ಎಲ್ಲ ಸೇರಿಸ್ಕೊಂಡ್ರೆ ಕಾರ್ಯತಂತ್ರ ಆಗಲ್ಲಮ್ಮ, ಮುಂದಿನ ಸ್ಲೈಡ್ ತೋರ್ಸು ಅಂದ್ರು.”

“ಹಂಗಂದೋರು ಯಾರು?”

“ಎಲ್ಲರೂ ಸೇರಿ ಅಂದಂಗಿತ್ತು ಅಜ್ಜಿ.”

ಅಧ್ಯಕ್ಷರಿಗೆ ಬರೆಯುವ ಕಾಗದದಲ್ಲಿ ನಿನ್ನ ಹೆಸರು ಹಾಕಿದರೆ ನಿನಗೆ ತೊಂದರೆಯಾದೀತು ಮಗಾ ಎಂದೆ. “ಹಾಕಿ ತಾತ, ಅಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದೀನಿ” ಎಂದಿತು. ಆದ್ದರಿಂದ ಹಾಕಿದ್ದೇನೆ.

ಮಾನ್ಯರೇ, ದಾರಿ ನೋಡಿ ಹೇಳಲಿ ಎಂದು ಒಬ್ಬರನ್ನು ಇಟ್ಟುಕೊಂಡು, ಮುಂದೆ ಗುಂಡಿಯಿರಬಹುದು ಎಂದಾಗ ಸುಮ್ಮನಿರಿಸುವುದಾದರೆ ಆ ಹುದ್ದೆ ಏಕೆ? ತೀರ್ಮಾನ ಮಾಡುವಾಗ ನಾಲ್ವರೂ ಒಟ್ಟಿಗಿದ್ದಿರಿ. ತಿದ್ದಿ ಎಂದು ಬಂದರೆ ಒಬ್ಬೊಬ್ಬರೂ ಒಂಟಿ. ಒಂಟಿಯಾದವರಿಗೆ ಅಧಿಕಾರವಿಲ್ಲ, ಒಟ್ಟಾಗುವ ದಿನಾಂಕ ಗೊತ್ತಿಲ್ಲ. ಹಂಚಿಕೊಂಡ ಕಾರ್ಯತಂತ್ರವೆಂದರೆ ಹೊಣೆಯನ್ನು ಯಾರ ಪಾಲಿಗೂ ಬಾರದಷ್ಟು ಸಣ್ಣಗೆ ಹಂಚಿಕೊಳ್ಳುವುದೇ?

ನನ್ನ ಬೇಡಿಕೆ ಇಷ್ಟೇ. ತಿದ್ದುವ ಅಧಿಕಾರ ನಿಮ್ಮಲ್ಲಿ ಒಬ್ಬರಿಗಾದರೂ ಇರಲಿ, ಅವರು ಯಾರೆಂದು ನಮಗೆ ಹೇಳಿ. ವಿಶ್ಲೇಷಕರ ಅನುಮಾನಕ್ಕೂ ತೀರ್ಮಾನದಲ್ಲಿ ಜಾಗವಿರಲಿ. ಸೋಮವಾರಕ್ಕೆ ಮುಂಚೆ ತಾವೇ ಒಮ್ಮೆ ಹಾಲ್ಕುರಿಕೆಗೆ ಬಂದು ಆ ಅಟ್ಟ ಹತ್ತಿ.

ಒಂದು ಮಾತು ಮೊದಲೇ ತಿಳಿಸಬೇಕು. ಮೊನ್ನೆ ಸಂಜೆ ತಂಗಿ ಹೆದರಿಕೆಗೆ ರಾಶಿ ಇಳಿಸಲು ಏಣಿ ಆನಿಸಿದ್ದಳು. ಅವಳು ಕೊಟ್ಟಿಗೆಗೆ ಹೋದ ಹೊತ್ತು ನೋಡಿ ಏಣಿಯನ್ನು ಹೊತ್ತು ತಂದು ನನ್ನ ಹಿತ್ತಿಲಲ್ಲಿ ಸೋಗೆಯ ಕೆಳಗೆ ಮುಚ್ಚಿದ್ದೇನೆ. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. “ಏಣಿ ಕೊಡಕ್ಕೆ ಹೇಳು” ಎಂದು ನನ್ನ ಹೆಂಡತಿಯ ಕೈಯಲ್ಲಿ ಹೇಳಿಕಳಿಸುತ್ತಾಳೆ. ನೀವು ಬಂದರೆ ಏಣಿ ನಾನೇ ತಂದು, ಬುಡ ಹಿಡಿದು ನಿಲ್ಲುತ್ತೇನೆ. ಬಾರದಿದ್ದರೆ ಭಾನುವಾರ ಸಂಜೆ ಅವಳಿಗೆ ಹಿಂದಿರುಗಿಸಬೇಕು. ಅವಳ ಮರಗಳು ಒಣಗಲಿ ಎನ್ನಲು ನಾನು ಯಾರು?

ಇಂತಿ,
ತಂಗಿಯ ಏಣಿ ಕದ್ದು ತಮ್ಮ ದಾರಿ ನೋಡುತ್ತಿರುವ ಅಣ್ಣ,
ಶಂಭುಲಿಂಗಯ್ಯ
ಹಾಲ್ಕುರಿಕೆ, ತಿಪಟೂರು ತಾಲ್ಲೂಕು