ಎಂಟಿಂಚಿನ ಟೆಲಿಸ್ಕೋಪು ಯಾರ ಪಾಲಿಗೆ

ಏಪ್ರಿಲ್ ೧೯, ಭಾನುವಾರ ಬೆಳಿಗ್ಗೆ

ಪ್ರಿಯ ಮಾತುಗಾರನಿಗೆ,

ಖಗೋಳ ಕ್ಲಬ್ಬಿನವರು ನಿನಗಿಟ್ಟ ಹೆಸರಿನಿಂದಲೇ ಶುರು ಮಾಡುತ್ತಿದ್ದೇನೆ. ಬೇರೆ ಏನೇ ಬರೆದಿದ್ದರೂ ಅದರ ಅರ್ಥವೇನೆಂದು ನೀನು ಎರಡು ಸಲ ಓದುತ್ತಿದ್ದೆ, ಕಳಿಸುವ ಮೊದಲು ನಾನು ಮೂರು ಸಲ.

ನಿನ್ನ ಪತ್ರ ಬಂದು ಮೂರು ವಾರವಾಯಿತು. ಫೋನಿನಲ್ಲಿ ಕೇಳದೆ ಕಾಗದದಲ್ಲಿ ಕೇಳಿದ್ದು ಒಳ್ಳೆಯದಾಯಿತು. ಫೋನಿನಲ್ಲಾಗಿದ್ದರೆ ನಾನು ಥಟ್ಟನೆ ಇಲ್ಲ ಎನ್ನುತ್ತಿದ್ದೆ, ನೀನು ಥಟ್ಟನೆ ಆಯ್ತು ಬಿಡು ಎನ್ನುತ್ತಿದ್ದೆ. ಆಮೇಲೆ ಇಬ್ಬರೂ ತಿಂಗಳುಗಟ್ಟಲೆ ನಮ್ಮ ನಮ್ಮ ಊರುಗಳಲ್ಲಿ ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದೆವು.

ಬೇರೆಯಾದಾಗ ಎಲ್ಲವನ್ನೂ ಸಲೀಸಾಗಿ ಹಂಚಿಕೊಂಡೆವು. ದೊಡ್ಡ ಮಂಚ ನಿನಗೆ, ಪುಸ್ತಕದ ಕಪಾಟು ನನಗೆ. ವಕೀಲರಿಗೇ ಬೇಜಾರಾಗಿತ್ತು, ಇವರಿಬ್ಬರೂ ಯಾವುದಕ್ಕೂ ಜಗಳವಾಡುವುದಿಲ್ಲವಲ್ಲ ಎಂದು. ಟೆಲಿಸ್ಕೋಪಿನ ಮಾತು ಬಂದಾಗ ಮಾತ್ರ ನೀನು ಕಿಟಕಿ ಹಾಕಲು ಎದ್ದೆ, ನಾನು ಟೀ ಮಾಡಲು ಎದ್ದೆ. ಎರಡು ವರ್ಷದಿಂದ ಅದು ನನ್ನ ಬಳಿ ಇದೆ, ಸದ್ಯಕ್ಕೆ ಎಂಬ ಲೆಕ್ಕದಲ್ಲಿ. ಈಗ ನಿನಗೆ ಬೇಕು. ನಿನ್ನ ಆಸ್ಪತ್ರೆಯ ಮಹಡಿಯ ಮೇಲೆ ಆಕಾಶ ಕಪ್ಪಗಿದೆ, ಕಾಲು ಮುರಿದುಕೊಂಡು ಮಲಗಿದವರಿಗೆ ಸಂಜೆಯ ಹೊತ್ತು ಕಳೆಯುವುದೇ ಕಷ್ಟ, ಲಿಫ್ಟಿನಲ್ಲಿ ಗಾಲಿಕುರ್ಚಿ ಮೇಲಕ್ಕೆ ಹೋಗುತ್ತದೆ ಎಂದೆಲ್ಲ ಬರೆದಿದ್ದೀಯ. ಅವರಿಗೆ ನಡೆಯಲು ಕಲಿಸುವವನೇ ನೀನು, ಹಾಗಾಗಿ ನಿನ್ನ ಮಾತು ತಳ್ಳಿಹಾಕುವಂತಿಲ್ಲ. ಅಷ್ಟು ಒಳ್ಳೆಯ ಕಾರಣವನ್ನು ಓದಿ ನನಗೆ ಸಿಟ್ಟೇ ಬಂತು.

ನನ್ನ ಉತ್ತರ ಕೊನೆಯಲ್ಲಿದೆ. ಕಾದಂಬರಿಗಳ ಕೊನೆಯ ಪುಟವನ್ನು ಮೊದಲು ಓದುವ ನಿನ್ನ ಚಾಳಿ ಗೊತ್ತು. ಈ ಒಂದು ಸಲ ಮೊದಲಿನಿಂದ ಓದು.

ಕ್ಲಬ್ಬಿನಲ್ಲಿ ಕಣ್ಣಿನವರು, ಕ್ಯಾಮೆರಾದವರು ಎಂಬ ಎರಡು ಪಂಗಡ ಹಾಗೇ ಇವೆ. ಕಣ್ಣಿನವರಿಗೆ ಈಗಲೂ ನಕ್ಷತ್ರಗುಚ್ಛಗಳೇ ಇಷ್ಟ. ಸಕ್ಕರೆ ಚೆಲ್ಲಿದ ಹಾಗೆ ಕಾಣುತ್ತದೆ ಎಂದು ಸಾಲಿನಲ್ಲಿ ನಿಂತವರಿಗೆ ಹೇಳಿ ಮೆಚ್ಚುಗೆ ಪಡೆಯುತ್ತಾರೆ. ನಾವು ಕ್ಯಾಮೆರಾದವರು ಮೂಲೆಯಲ್ಲಿ ಮುದುಡಿ ಕುಳಿತು ಒಂದೇ ಗ್ಯಾಲಕ್ಸಿಗೆ ವರ್ಷಗಟ್ಟಲೆ ಜೋತುಬೀಳುತ್ತೇವೆ. ನೀನು ಆ ಪಂಗಡದ ಮುಖಂಡ, ನಾನು ಈ ಪಂಗಡದವಳು ಆಗಿದ್ದಾಗ ಅಧ್ಯಕ್ಷರು ನಮ್ಮ ಮನೆಯನ್ನು ಸಮ್ಮಿಶ್ರ ಸರ್ಕಾರ ಎನ್ನುತ್ತಿದ್ದರು. ಅವರು ಇನ್ನೂ ಹಲ್ಲು ಕೀಳುತ್ತಿದ್ದಾರೆ, ಇನ್ನೂ ಅಧ್ಯಕ್ಷರೇ. ಚುನಾವಣೆಯ ದಿನ, ಬೇರೆ ಯಾರಾದರೂ ಬಾಯಿ ತೆಗೀತೀರಾ ಎಂದು ಕೇಳಿದರಂತೆ. ದಂತವೈದ್ಯರ ಮುಂದೆ ಯಾರು ಬಾಯಿ ತೆಗೆಯುತ್ತಾರೆ?

ನಾನು ಗಿರಿಗಿಟ್ಲೆ ಗ್ಯಾಲಕ್ಸಿಯ ಹಿಂದೆಯೇ ಬಿದ್ದಿದ್ದೇನೆ. ಅದರ ಹೊರಗಿನ ಸುರುಳಿಗಳು ಎಷ್ಟು ಮಸುಕೆಂದರೆ ಒಂದು ರಾತ್ರಿಯ ಬೆಳಕು ಯಾವ ಮೂಲೆಗೂ ಸಾಲದು. ಹಲವಾರು ರಾತ್ರಿಗಳ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದಾಗ ಮೆಲ್ಲಗೆ ಮೇಲೇಳುತ್ತವೆ. ಇದು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಮುಂದೆ ಹೇಳಬೇಕಾದದ್ದಕ್ಕೆ ಇದು ಬೇಕು. ಕ್ಯಾಮೆರಾದ ಗಾಜಿನ ಮೇಲೆ ಧೂಳಿನ ಕಣ ಕೂತರೆ ಚಿತ್ರದಲ್ಲಿ ಕಪ್ಪು ಉಂಗುರ ಬೀಳುತ್ತದೆ. ಅದನ್ನು ಕಳೆಯಲು ಕೊಳವೆಯ ಬಾಯಿಗೆ ಬಿಳಿ ಬಟ್ಟೆ ಬಿಗಿದು, ಮುಂಜಾನೆಯ ಬೆಳಕಿನಲ್ಲಿ ಬರಿಯ ಬಿಳುಪಿನ ಚಿತ್ರ ತೆಗೆದಿಟ್ಟುಕೊಳ್ಳುತ್ತೇವೆ. ಯಾವ ಉಂಗುರ ಎಲ್ಲಿದೆ ಎಂದು ಆ ಬಿಳುಪು ಹೇಳುತ್ತದೆ, ಅಷ್ಟನ್ನು ಅಳಿಸಿದರಾಯಿತು. ಷರತ್ತು ಒಂದೇ. ಅಲ್ಲಿಯವರೆಗೆ ಕ್ಯಾಮೆರಾವನ್ನು ಯಾರೂ ಕದಲಿಸಬಾರದು.

ನೀನು ಕದಲಿಸಿದೆ. ಆವತ್ತು ಕ್ಲಬ್ಬಿಗೆ ಬಂದಿದ್ದ ಯಾರೋ ಅಜ್ಜಿಗೆ ತೋರಿಸಬೇಕೆನಿಸಿತು, ನಾನು ಕಾರಿನಲ್ಲಿ ನಿದ್ದೆ ಹೋಗಿದ್ದೆ, ನೀನು ಕ್ಯಾಮೆರಾ ಬಿಚ್ಚಿ ಕಣ್ಣಿನ ಮಸೂರ ಹಾಕಿದೆ, ಮತ್ತೆ ಮೊದಲಿನಂತೆ ಜೋಡಿಸಿದೆ. ಮೊದಲಿನಂತೆ ಎಂದು ನಿನಗನ್ನಿಸಿತು. ಬೆಳಿಗ್ಗೆ ನಾನು ತೆಗೆದ ಬಿಳುಪು ಅರ್ಧ ರಾತ್ರಿಯ ಚಿತ್ರಗಳಿಗೆ ಹೊಂದಲಿಲ್ಲ. ಹಳೆಯ ಉಂಗುರಗಳು ಹಾಗೇ ಉಳಿದು, ಅವುಗಳ ಪಕ್ಕದಲ್ಲಿ ಹೊಸ ಬಿಳಿ ಉಂಗುರಗಳು ಹುಟ್ಟಿದ್ದವು. ನಾನು ವಾರವಿಡೀ ಕಂಪ್ಯೂಟರಿನ ಮುಂದೆ ಕುಳಿತು ನನ್ನ ತಪ್ಪನ್ನೇ ಹುಡುಕಿದೆ. ನೀನು ಹಿಂದಿನಿಂದ ಬಂದು, ಚೆನ್ನಾಗೇ ಇದೆಯಲ್ಲ, ಊಟಕ್ಕೆ ಬಾ ಎಂದೆ.

ಬೇರೆಯಾದದ್ದು ಯಾಕೆ ಎಂದು ಕೇಳಿದವರಿಗೆಲ್ಲ ಇದೇ ಕಥೆ ಹೇಳಿದ್ದೇನೆ. ಜನ ನಗುತ್ತಾರೆ, ಮುಂದೆ ಕೇಳುವುದಿಲ್ಲ. ನೀನೂ ಇದನ್ನೇ ಹೇಳುತ್ತೀಯೆಂದು ನಿನ್ನ ತಂಗಿಯಿಂದ ತಿಳಿಯಿತು, ‘ಅವಳು ಕ್ಯಾಮೆರಾನ ಮದುವೆ ಆಗಿದ್ದಳು’ ಎಂದು ನನ್ನ ಬಗ್ಗೆ ಒಂದು ಸಾಲು ಸೇರಿಸಿ. ಸಾಲು ಚೆನ್ನಾಗಿದೆ. ಆದರೆ ಇಬ್ಬರೂ ಕಥೆಯನ್ನು ತಪ್ಪಾಗಿ ಹೇಳುತ್ತಿದ್ದೇವೆ ಎಂದು ಈಗ ಅನ್ನಿಸುತ್ತಿದೆ. ನೀನು ಬಿಚ್ಚಿದ್ದರಿಂದ ಏನೂ ಕೆಡುತ್ತಿರಲಿಲ್ಲ. ಬಿಚ್ಚಿದೆ ಎಂದು ನನ್ನನ್ನು ಎಬ್ಬಿಸಿ ಹೇಳಿದ್ದರೆ ಬಟ್ಟೆ ಬಿಗಿದು ಎರಡು ಸಲ ಬಿಳುಪು ತೆಗೆದುಕೊಳ್ಳುತ್ತಿದ್ದೆ, ಅಷ್ಟೇ ಕೆಲಸ. ನೀನು ಹೇಳಲಿಲ್ಲ. ಬೇರೆಯವರಿಂದ ಗೊತ್ತಾದಾಗ, ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ, ಯಾಕೆ ಬಿಚ್ಚಿದೆ ಎಂದು ಮಾತ್ರ ಕೂಗಾಡಿದೆ. ಹೇಳಿದರೆ ಬೈಯುತ್ತಾಳೆ ಎಂದು ಹೆದರುವಷ್ಟು ದೂರ ನಾವು ಆಗಲೇ ಬಂದಿದ್ದೆವೇನೋ. ಖಚಿತವಾಗಿ ಗೊತ್ತಿಲ್ಲ. ನಾನು ಕೆಲಸ ಮಾಡುವ ಪರೀಕ್ಷಾಲಯಕ್ಕೆ ನೀರಿನ ಬಾಟಲಿ ಬಂದರೆ ಅದರಲ್ಲಿ ಏನೇನಿದೆ ಎಂದು ಬರೆದುಕೊಡುತ್ತೇನೆ. ಇದಕ್ಕೆ ಅಂಥ ಬಾಟಲಿ ಇಲ್ಲ.

ಈಗ ಮೊನ್ನೆ ಶುಕ್ರವಾರದ ಸಂಗತಿ. ಅಮಾವಾಸ್ಯೆ, ಆಕಾಶ ತಿಳಿಯಾಗಿತ್ತು. ಮುಂದಿನ ತಿಂಗಳ ಪ್ರದರ್ಶನಕ್ಕೆ ಗಿರಿಗಿಟ್ಲೆಯ ದೊಡ್ಡ ಚಿತ್ರ ಕೊಡುತ್ತೇನೆಂದು ಒಪ್ಪಿಕೊಂಡಿದ್ದೆ, ಕೆಂಪು, ಹಸಿರು ಬೆಳಕಿನ ಚಿತ್ರಗಳು ಮುಗಿದಿದ್ದವು, ಕೊರತೆಯಿದ್ದದ್ದು ನೀಲಿ ಬಣ್ಣದ ಒಂದು ರಾತ್ರಿ. ನಿನಗೆ ಬರೆಯಬೇಕೆಂದಿದ್ದ ಉತ್ತರವೂ ಅದೇ ಆಗಿತ್ತು: ಚಿತ್ರ ಮುಗಿಯಲಿ, ಆಮೇಲೆ ನೋಡೋಣ. ಎರಡು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿರುವುದೂ ಅದನ್ನೇ.

ಅದೇ ಸಂಜೆ ಸಾರ್ವಜನಿಕರಿಗೆ ಆಕಾಶ ತೋರಿಸುವ ಕಾರ್ಯಕ್ರಮವಿತ್ತು. ಮೈದಾನದ ಈ ಬದಿಯಲ್ಲಿ ನಾನು ಕ್ಯಾಮೆರಾ ಬಿಗಿದು, ಹೊಂದಿಸಿ, ಪೂರ್ತಿ ಕತ್ತಲಾಗಲೆಂದು ಕಾಯುತ್ತಿದ್ದೆ. ಆ ಬದಿಯಲ್ಲಿ ಜನ ಸಾಲುಗಟ್ಟಿದ್ದರು. ಅಷ್ಟರಲ್ಲಿ ಕ್ಲಬ್ಬಿನ ದೊಡ್ಡ ಟೆಲಿಸ್ಕೋಪಿನ ಮೋಟಾರು ಕೆಟ್ಟು ನಿಂತಿತು. ಅಧ್ಯಕ್ಷರು ಕತ್ತಲಲ್ಲಿ ಎಡವುತ್ತಾ ನನ್ನ ಕಡೆ ಬಂದರು.

“ಒಂದು ಮಾತು ಕೇಳ್ತೀನಿ, ಹೊಡೀಬಾರದು” ಎಂದರು.

“ಕೇಳ್ಬೇಡಿ ಸರ್.”

“ಜನ ವಾಪಸ್ ಹೋಗ್ತಾರಮ್ಮ.”

“ನನ್ನ ನೀಲಿ ಹೋಗುತ್ತೆ ಸರ್.”

ಅವರು ಕೈಕಟ್ಟಿಕೊಂಡು ಪಕ್ಕದಲ್ಲೇ ನಿಂತರು. ಅರಿವಳಿಕೆ ಕೊಟ್ಟು ದವಡೆ ಜೋಮು ಹಿಡಿಯುವವರೆಗೆ ಕಾಯುತ್ತಾರಲ್ಲ, ಹಾಗೆ. ನಾನು ಕ್ಯಾಮೆರಾ ಬಿಚ್ಚಿದೆ. ದೊಡ್ಡ ಮನಸ್ಸಿನಿಂದಲ್ಲ, ಇಷ್ಟು ಜನ ನೋಡುತ್ತಿರುವಾಗ ಇಲ್ಲ ಎನ್ನಲು ನಾಚಿಕೆಯಾಯಿತು.

ಮೊದಲು ಬಂದವಳು ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದಳು, ಜೊತೆಗೆ ಅವಳ ಅತ್ತೆ. ಬಗ್ಗಿ ಗಿರಿಗಿಟ್ಲೆಯನ್ನು ನೋಡಿದಳು. ಮತ್ತೆ ನೋಡಿದಳು.

“ಮೇಡಂ, ಗಾಜು ಒರೆಸಿದೀರಾ?”

“ಒರೆಸಿದೀನಿ.”

“ಯಾರೋ ಬೆರಳಿಟ್ಟ ಗುರುತು ಥರ ಇದೆ. ಇಷ್ಟೇನಾ?”

ನಾನು ಅದರ ದೂರ, ಅಗಲ, ಅದರಲ್ಲಿರುವ ನಕ್ಷತ್ರಗಳ ಸಂಖ್ಯೆ ಎಲ್ಲ ಹೇಳಿದೆ. ಅವಳು ಮರ್ಯಾದೆಗೆ ಹೌದಾ ಹೌದಾ ಎಂದಳು. ಹಿಂದಿನಿಂದ ಅತ್ತೆ, “ಆಯ್ತಲ್ಲ, ಸರಿ ಆಚೆಗೆ. ಬಸ್ಸಲ್ಲಿ ಮಾತ್ರ ಎಲ್ಲರಿಗೂ ಮುಂದೆ ಹೋಗಿ ಮುಂದೆ ಹೋಗಿ ಅಂತ ಅರಚ್ತೀಯ” ಎಂದರು.

ಅವಳು ಹೊರಡುವುದರಲ್ಲಿದ್ದಳು. ಆಗ ನೀನು ನೆನಪಾದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನನಗೆ ನೆನಪಾದದ್ದು ನಿನ್ನ ಸ್ಟೂಲು. ಬಂದವರನ್ನು ಮೊದಲು ಕೂರಿಸುತ್ತಿದ್ದೆ, ತಲೆಯ ಮೇಲೆ ಕಪ್ಪು ಬಟ್ಟೆ ಹೊದಿಸುತ್ತಿದ್ದೆ, ಆಮೇಲೆ ಆಕಾಶ ಬಿಟ್ಟು ಊರ ಮೇಲಿನದ್ದನ್ನೆಲ್ಲ ಮಾತಾಡುತ್ತಿದ್ದೆ. ಸಮಯ ಹಾಳು ಮಾಡುತ್ತೀಯೆಂದು ನನಗೆ ರೇಗುತ್ತಿತ್ತು. ಕಣ್ಣು ಕತ್ತಲಿಗೆ ಪಳಗಲಿ ಎಂದು ನೀನು ಮಾತಿನಲ್ಲಿ ಹೊತ್ತು ಕಳೆಯುತ್ತಿದ್ದೆ ಎಂಬುದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಹೇಳಬಾರದಿತ್ತೇ? ಕೇಳಬಾರದಿತ್ತೇ ಎಂದು ನೀನೂ ಕೇಳಬಹುದು.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ನನ್ನ ಶಾಲು ತಲೆಗೆ ಹೊದಿಸಿದೆ. ಏನು ಮಾತಾಡಬೇಕೋ ತಿಳಿಯದೆ, ಯಾವ ರೂಟು ಎಂದು ಕೇಳಿದೆ. ಅಷ್ಟು ಸಾಕಾಯಿತು. ಚಿಲ್ಲರೆ ಇಲ್ಲದವರು, ನಿದ್ದೆ ಹೋಗಿ ಡಿಪೋವರೆಗೆ ಬಂದವರು, ಟಿಕೆಟ್ ಕೇಳಿದರೆ ಪಾಸ್ ಎಂದು ಗೋಣು ಆಡಿಸಿ ಪಾಸ್ ತೋರಿಸದವರು, ಎಲ್ಲರೂ ಶಾಲಿನೊಳಗಿಂದ ಹೊರಬಂದರು. ಹಿಂದೆ ಸಾಲಿನಲ್ಲಿದ್ದವರೂ ನಗುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, ಈಗ ನೇರವಾಗಿ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ, ಮಸುಕಾದದ್ದು ಕಣ್ಣಂಚಿಗೇ ಚೆನ್ನಾಗಿ ಕಾಣುವುದು ಎಂದೆ.

ಶಾಲು ಅಲುಗಲಿಲ್ಲ. 

“ಅಯ್ಯೋ” ಎಂದಳು. “ಇದೆ. ದೊಡ್ಡದಿದೆ. ತಿರುಗಿದ ಹಾಗಿದೆ ಮೇಡಂ.”

ಎಷ್ಟು ದೊಡ್ಡದು, ಸುರುಳಿ ಕಾಣುತ್ತಿದೆಯಾ ಎಂದು ನಾನು ಆತುರದಿಂದ ಕೇಳಿದೆ.

“ಮೆಲ್ಲಗೆ ಮಾತಾಡಿ” ಎಂದಳು, “ಹೋಗ್ಬಿಡುತ್ತೆ.”

ಮಾತಿಗೆ ಅದು ಹೋಗುವುದಿಲ್ಲ ಎಂಬ ವಿವರಣೆ ನಾಲಿಗೆಯ ತುದಿಗೆ ಬಂತು. ಬದಲಿಗೆ ಶಾಲಿನ ಅಂಚು ಸರಿಪಡಿಸಿದೆ. ಆಮೇಲೆ ಅತ್ತೆ ಕುಳಿತರು. ಅವರಿಗೂ ಕಂಡಿತು. ಈ ಬೆಳಕು ಹೊರಟು ಎರಡು ಕೋಟಿ ವರ್ಷವಾಗಿದೆ ಎಂದೆ. “ಹಾಗಾದ್ರೆ ನಮಗೋಸ್ಕರ ಹೊರಟಿದ್ದಲ್ಲ ಬಿಡು” ಎಂದು ಸೊಸೆಯ ಕೈ ಹಿಡಿದು ಎದ್ದರು.

ಸಾಲು ಮುಗಿಯುವ ಹೊತ್ತಿಗೆ ಮೋಡ ಕವಿಯಿತು, ಇನ್ನೊಂದು ವಾರ ಬಿಡುವುದಿಲ್ಲವಂತೆ. ಚಂದ್ರನಿಲ್ಲದ ಮುಂದಿನ ರಾತ್ರಿಗಳು ಬರುವಷ್ಟರಲ್ಲಿ ಪ್ರದರ್ಶನ ಮುಗಿದಿರುತ್ತದೆ, ಹಿಂದೆಯೇ ಮಳೆಗಾಲ. ಈ ವರ್ಷ ಚಿತ್ರ ಇಲ್ಲ ಎಂದು ಅಧ್ಯಕ್ಷರಿಗೆ ಅಲ್ಲೇ ಹೇಳಿದೆ. ನಾನು ಬದಲಾದೆ ಎಂದೆಲ್ಲ ತಿಳಿಯಬೇಡ. ನಿನ್ನೆ ಇಡೀ ದಿನ ಆ ನೀಲಿಗಾಗಿ ಹೊಟ್ಟೆ ಉರಿಯಿತು. ಅಧ್ಯಕ್ಷರು ಫೋನ್ ಮಾಡಿದರೆ ತೆಗೆಯಲಿಲ್ಲ.

ಉತ್ತರಕ್ಕೆ ಬರುತ್ತೇನೆ. ಚಿತ್ರ ಮುಗಿಯಲಿ ಎಂಬ ನೆಪ ಈಗ ಇಲ್ಲ. ಇವತ್ತೇ ಕಳಿಸಲು ಯಾವ ಅಡ್ಡಿಯೂ ಇಲ್ಲ. ನಿನ್ನ ಗಾಲಿಕುರ್ಚಿಯವರನ್ನು ಒಂದು ಕಡೆ, ನನ್ನನ್ನು ಒಂದು ಕಡೆ ಇಟ್ಟು ಪ್ರಾಮಾಣಿಕವಾಗಿ ತೂಗಿದೆ. ನ್ಯಾಯ ನಿನ್ನ ಕಡೆಗಿದೆ. ಟೆಲಿಸ್ಕೋಪು ನನ್ನ ಕಡೆಗಿದೆ. ಅದನ್ನು ಕಳಿಸುವುದಿಲ್ಲ.

ನನಗೆ ಬೇಕು, ಅದಕ್ಕೆ. ನಮ್ಮ ಮನೆಯಲ್ಲಿ ನಾನು ಈ ಮಾತನ್ನು ಯಾವತ್ತೂ ಹೀಗೆ ಬರಿದಾಗಿ ಹೇಳಲಿಲ್ಲ. ಪ್ರತಿ ಸಲವೂ ಒಂದು ಕಾರಣಕ್ಕೆ ಬಟ್ಟೆ ತೊಡಿಸಿ ಮುಂದೆ ನಿಲ್ಲಿಸುತ್ತಿದ್ದೆ, ನೀನು ಆ ಕಾರಣದ ಜೊತೆ ವಾದಿಸಿ ಸೋಲುತ್ತಿದ್ದೆ. ಈ ಸಲ ವಾದಕ್ಕೆ ಏನೂ ಉಳಿಸಿಲ್ಲ. ಸಿಟ್ಟು ಮಾಡಿಕೊಳ್ಳಬಹುದು. ಮಾಡಿಕೊಂಡರೆ ದಯವಿಟ್ಟು ಬರೆದು ತಿಳಿಸು, ಆಯ್ತು ಬಿಡು ಎನ್ನಬೇಡ.

ಮಂಡಿ ನೋವಿಗೆ ನೀನು ಹೇಳಿಕೊಟ್ಟ ವ್ಯಾಯಾಮವನ್ನು ಬಿಟ್ಟಿದ್ದೇನೆ. ಬೈಯಬೇಕೆನಿಸಿದರೆ ಅದನ್ನೂ ಸೇರಿಸಿಕೋ.

ಇಂತಿ,
ಅರ್ಧ ಟೆಲಿಸ್ಕೋಪು ನಿನ್ನದೆಂದು ಒಪ್ಪಿ, ಪೂರ್ತಿ ಇಟ್ಟುಕೊಂಡವಳು

ತಾ.ಕ.: ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಮಣಿಕಟ್ಟು ನೋಯುತ್ತಿದೆ. ಹಿಂದಿನ ಕೋಣೆಯಲ್ಲಿ ಒಂದು ಡ್ರಮ್ಮು ನಿಲ್ಲಿಸಿ, ಅದರ ಮೇಲೆ ಆರಿಂಚು ಅಗಲದ ದಪ್ಪ ಗಾಜಿನ ಬಿಲ್ಲೆ ಇಟ್ಟುಕೊಂಡಿದ್ದೇನೆ. ಕೆಲಸಕ್ಕೆ ಹೋಗುವ ಮೊದಲು ದಿನಾ ಬೆಳಿಗ್ಗೆ ಗಾಜು ಸವೆಸುವ ಪುಡಿ ಹಾಕಿ, ನೀರು ಹಾಕಿ, ಇನ್ನೊಂದು ಗಾಜಿನಿಂದ ಸುತ್ತು ಬರುತ್ತಾ ಉಜ್ಜುತ್ತೇನೆ. ಹೀಗೇ ಉಜ್ಜಿದರೆ ಮಳೆಗಾಲ ಮುಗಿಯುವುದರೊಳಗೆ ಟೆಲಿಸ್ಕೋಪಿನ ಕನ್ನಡಿಯಾಗುತ್ತದಂತೆ. ಕೊಳವೆ ಮಾಡಲು ಬಡಗಿಗೆ ಹೇಳಿದ್ದೇನೆ, ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನ ಎತ್ತರಕ್ಕೆ ಇರಲಿ ಎಂದು ಈಗ ಅಳತೆ ಬದಲಾಯಿಸಬೇಕು. ಕ್ಯಾಮೆರಾ ಹಾಕಲು ಬರುವುದಿಲ್ಲ, ಬರೀ ಕಣ್ಣಿಗೆ. ಯಾರಿಗಮ್ಮ ಇದು ಎಂದು ಅಧ್ಯಕ್ಷರು ಕೇಳಿದರು, ಕ್ಲಬ್ಬಿಗೆ ಎಂದು ಸುಳ್ಳು ಹೇಳಿದೆ. ನಿನ್ನ ಪತ್ರ ಬಂದದ್ದು ಮಾರ್ಚ್ ಕೊನೆಯಲ್ಲಿ. ನಾನು ಉಜ್ಜಲು ಶುರು ಮಾಡಿದ್ದು ಜನವರಿಯಲ್ಲಿ.